ಬಾಡಿಗೆ ಕವಚದ ದುರ್ಯೋಧನ

ದುರ್ಯೋಧನನಾಗಲು ದುಡ್ಡು ಕೊಡಬೇಕು. ಪಾತ್ರ ಮಾಡಿದ್ದಕ್ಕೆ ದುಡ್ಡು ಸಿಗುವ ಮಾತಲ್ಲ ಇದು, ಕೈಯಿಂದ ಕಟ್ಟುವ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಊರವರೇ ಸೇರಿ ಆಡುವ ‘ಕುರುಕ್ಷೇತ್ರ’ ನಾಟಕದ ಮೊದಲ ಕರಾರು ಅದು. ಹಳೇಕೋಟೆ ಹೋಬಳಿಯಂಥ ಕಡೆ ಸುಗ್ಗಿ ಮುಗಿದು ಕೈ ಸ್ವಲ್ಪ ಬಿಡುವಾದರೆ ಸಾಕು, ಯಾವ ಪಾತ್ರ ಯಾರಿಗೆ ಅನ್ನುವ ಮಾತು ಎದ್ದೇಳುತ್ತದೆ. ಎಲ್ಲಕ್ಕಿಂತ ದುಬಾರಿ ದುರ್ಯೋಧನ. ಕೃಷ್ಣನ ಪಾತ್ರಕ್ಕೆ ಪೈಪೋಟಿ ಜಾಸ್ತಿಯಾದರೆ ಅದನ್ನೇ ಸೀಳಿ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂದು ಕರಪತ್ರದಲ್ಲಿ ಹಾಕಿಸುತ್ತಾರೆ. ಹಾಗೆ ಕೂಡಿದ ಹಣದಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಸೀನರಿ, ಲೈಟು, ಮೈಕು, ಊಟ ಎಲ್ಲ ಆಗಬೇಕು. ಡ್ರೆಸ್ಸಿನ ಬಾಡಿಗೆಯೂ ಅದರಲ್ಲೇ.

ವೇಷ ತೊಟ್ಟು ಯೋಧನಾಗುವ ಹುಚ್ಚು ನಮ್ಮಲ್ಲಷ್ಟೇ ಅಲ್ಲ. ಪಶ್ಚಿಮದ ದೇಶಗಳಲ್ಲಿ ಉಕ್ಕಿನ ಕವಚ ತೊಟ್ಟು ಮಧ್ಯಯುಗದ ಕಾಳಗವನ್ನು ಮತ್ತೆ ಆಡುವ ಹವ್ಯಾಸಿಗಳಿದ್ದಾರೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಒಂದು ಸಂಘ ಇವತ್ತಿಗೂ ಬೆತ್ತದ ಕತ್ತಿ ಹಿಡಿದು ಹೊಡೆದಾಡುತ್ತದೆ. ಹೊಡೆತ ನಿಜ, ಆದ್ದರಿಂದ ಶಿರಸ್ತ್ರಾಣವೂ ಗಟ್ಟಿಯದೇ ಬೇಕು. ಯೂರೋಪಿನ ಸರದಾರ ಮೈತುಂಬ ತೊಡುತ್ತಿದ್ದ ಉಕ್ಕಿನ ಕವಚ ಸುಮಾರು 20ರಿಂದ 25 ಕಿಲೋ ತೂಗುತ್ತಿತ್ತು. ವಾರವಿಡೀ ಕಚೇರಿಯಲ್ಲಿ ಕೂತು ಭಾನುವಾರ ಯೋಧನಾಗುವ ಆ ಮನುಷ್ಯನಿಗೂ, ವಾರವಿಡೀ ಶುಂಠಿ ಆಲೂಗಡ್ಡೆ ಹೊಲದಲ್ಲಿದ್ದು ಒಂದು ರಾತ್ರಿ ಭೀಮನಾಗುವ ನಮ್ಮವನಿಗೂ ಆಸೆ ಒಂದೇ. ಆದರೆ ನಮ್ಮವನು ಹೊಡೆದಾಡುವುದಿಲ್ಲ, ಹಾಡುತ್ತಾನೆ. ಅವನ ಕವಚದ ಕಥೆ ಬೇರೆ ದಾರಿ ಹಿಡಿದದ್ದು ಇಲ್ಲಿಂದಲೇ.

ಸಂಜೆ ಡ್ರೆಸ್ಸಿನ ಟ್ರಂಕುಗಳು ಬಂದಿಳಿದಾಗ ಸ್ಟೇಜಿನ ಹಿಂದಿನ ಶಾಮಿಯಾನದಲ್ಲಿ ನಿಂತು ನೋಡಬೇಕು. ಒಬ್ಬ ದುರ್ಯೋಧನನಿಗೆ ಏನೇನು ಬೇಕು? ಕಿರೀಟ, ಉದ್ದ ಕೂದಲಿನ ವಿಗ್ಗು, ಎದೆಯ ಕವಚ, ಎರಡು ಭುಜಕೀರ್ತಿ, ತೋಳ್ಬಂದಿ, ಕೈಕಟ್ಟು, ಸೊಂಟಕ್ಕೆ ಡಾಬು, ಹಿಂದೆ ಇಳಿಬಿಡುವ ವಸ್ತ್ರ, ಹೆಗಲ ಮೇಲೆ ಗದೆ. ಕವಚವನ್ನು ತಿರುಗಿಸಿ ನೋಡಿದರೆ ಅದರ ಒಳಗುಟ್ಟು ಗೊತ್ತಾಗುತ್ತದೆ. ಹೊರಗೆ ಕೆಂಪು ಇಲ್ಲವೇ ಕಡುನೀಲಿ ಮಖಮಲ್ಲು, ಅದರ ಮೇಲೆ ಜರಿ ಲೇಸು, ಚಮಕಿ, ಅಂಟಿಸಿದ ಗಾಜಿನ ಹರಳು. ಒಳಗೆ ರಟ್ಟು, ಸ್ಪಂಜು, ದಪ್ಪ ಬಟ್ಟೆ. ಬೆನ್ನಿಗೆ ಏನೂ ಇಲ್ಲ, ಬರೀ ಪಟ್ಟಿ ಮತ್ತು ಲಾಡಿ. ನೋಡುವವರು ಮುಂದೆ ಕೂತಿರುವಾಗ ಬೆನ್ನಿಗ್ಯಾಕೆ ಮಖಮಲ್ಲು ಎಂಬ ಲೆಕ್ಕ. ತೊಳೆಯುವ ಹಾಗಿಲ್ಲದ ಸಾಮಾನು ಅದು. ತೊಳೆದರೆ ರಟ್ಟು ಮೆತ್ತಗಾಗುತ್ತದೆ, ಹರಳು ಉದುರುತ್ತದೆ. ಬಿಸಿಲಿಗೆ ಹಾಕುವುದೊಂದೇ ದಾರಿ. ಹಿಂದಿನ ಊರಿನ ದುರ್ಯೋಧನನ ಬೆವರಿನ ವಾಸನೆ ಈ ಊರಿನ ದುರ್ಯೋಧನನಿಗೆ ಬಳುವಳಿಯಾಗಿ ಬರುತ್ತದೆ.

ಕಟ್ಟುವಾಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ಸ್ವಲ್ಪ ಸಡ್ಲ ಬಿಡಣ್ಣ, ಪದ ಹೇಳಕ್ಕೆ ಉಸ್ರು ಬೇಕು.” ಯುದ್ಧಕ್ಕೆ ಹೋಗುವವನು ಕವಚ ಬಿಗಿ ಮಾಡಿಸಿಕೊಳ್ಳುತ್ತಾನೆ, ಇವನು ಸಡಿಲ ಮಾಡಿಸಿಕೊಳ್ಳುತ್ತಾನೆ. ತಾರಕದಲ್ಲಿ ಒಂದು ಆಲಾಪ ಎಳೆಯಬೇಕಾದರೆ ಪಕ್ಕೆಲುಬು ಹಿಗ್ಗಬೇಕು. ಕಿರೀಟ ಮಾತ್ರ ಬಿಗಿಯಾಗಿಯೇ ಇರಬೇಕು. ಮೇಲಿಂದ ಇಳಿಬಿಟ್ಟ ಮೈಕಿಗೆ ಕಿರೀಟ ತಗುಲಿ ‘ಢಣ್’ ಎಂದರೆ ಇಡೀ ಊರಿಗೆ ಕೇಳಿಸುತ್ತದೆ.

ಇಷ್ಟೆಲ್ಲ ಬಂದದ್ದು ಎಲ್ಲಿಂದ? ಈ ಸೀಮೆಯ ನಿಜವಾದ ಯೋಧರನ್ನು ನೋಡಬೇಕಾದರೆ ಊರ ಮುಂದಿನ ವೀರಗಲ್ಲಿನ ಹತ್ತಿರ ಹೋಗಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಕೈಲಾಸ. ಸತ್ತವನ ಮೈಮೇಲೆ ಸಾಮಾನ್ಯವಾಗಿ ಇರುವುದು ಸೊಂಟಕ್ಕೆ ಬಿಗಿದ ತುಂಡು ಬಟ್ಟೆ, ತುರುಬು, ಕೈಯಲ್ಲಿ ಕತ್ತಿ ಗುರಾಣಿ. ತುರು ಕಾಯಲು ಹೋಗಿ ಸತ್ತ ಬಡವನಿಗೆ ಕವಚ ಎಲ್ಲಿಯದು. ಅರಸರ ಕಡೆ ನೋಡಿದರೂ ಅಷ್ಟೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಕುರುಕ್ಷೇತ್ರ ಯುದ್ಧವೇ ಇದೆ: ಶರಶಯ್ಯೆಯ ಭೀಷ್ಮ, ಚಕ್ರವ್ಯೂಹದ ಅಭಿಮನ್ಯು, ಆನೆಗಳ ಮೇಲೇರಿ ಹೋಗುವ ಭೀಮ. ಕಿರೀಟ, ಹಾರ, ತೋಳ್ಬಂದಿಗೆ ಲೆಕ್ಕವಿಲ್ಲ. ಎದೆಯನ್ನು ಮುಚ್ಚುವ ತಗಡು ಹುಡುಕಿದರೂ ಕಾಣುವುದು ಅಪರೂಪ. ಕೈಯಳತೆಯ ದೂರದಲ್ಲಿ ಇಷ್ಟು ಚೆಂದದ ಮಾದರಿ ಇದ್ದರೂ ನಮ್ಮ ನಾಟಕದ ಡ್ರೆಸ್ಸು ಹೊಯ್ಸಳರಿಂದ ಒಂದು ಕೈಕಟ್ಟನ್ನೂ ಎರವಲು ಪಡೆಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ಹಾಗಾದರೆ ಮಖಮಲ್ಲಿನ ಕವಚ ಬರೀ ನಾಟಕದವರ ಕಲ್ಪನೆಯೇ? ಅಲ್ಲಿ ಒಂದು ತಮಾಷೆ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿ ಮುಗಿದ ಮೇಲೆ ಕೃಷ್ಣದೇವರಾಯ ಸೈನ್ಯವನ್ನು ಪರಾಂಬರಿಸಿದ್ದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕುದುರೆ ಸವಾರರ ಮೈಮೇಲಿನ ದಪ್ಪ ಅಂಗಿಗಳ ಹೊರಮೈ ಜರತಾರಿ, ಮಖಮಲ್ಲು, ರೇಷ್ಮೆ. ಒಳಗೆ ಪದರ ಪದರ ಗಟ್ಟಿ ತೊಗಲು, ಅದಕ್ಕೆ ಕೂಡಿಸಿದ ಕಬ್ಬಿಣದ ಪಟ್ಟಿ, ಕೆಲವಕ್ಕೆ ಚಿನ್ನದ ಮುಲಾಮು. ಟಿಪ್ಪುವಿನ ಕಾಲಕ್ಕೆ ಬಂದರೂ ಹತ್ತಿ ತುಂಬಿ ಹೊಲಿದ ಕವಚ, ಶಿರಸ್ತ್ರಾಣಗಳದ್ದೇ ಬಳಕೆ. ಅಂಥವು ಇಂದು ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ನಮ್ಮ ಬಿಸಿಲಿಗೆ ಉಕ್ಕಿನ ಪೆಟ್ಟಿಗೆಯೊಳಗೆ ಕೂತು ಕಾದಾಡಲಾದೀತೇ? ತೊಗಲು ಹೋಗಿ ರಟ್ಟು ಬಂತು, ಹತ್ತಿ ಹೋಗಿ ಸ್ಪಂಜು ಬಂತು ಅಂದುಕೊಂಡರೆ ಬಾಡಿಗೆ ಅಂಗಡಿಯ ಕವಚ ನಾವು ನಗುವಷ್ಟು ಸುಳ್ಳೇನಲ್ಲ. ಆದರೆ ಡ್ರೆಸ್ಸು ಹೊಲಿಯುವವನು ಪಾಯಸ್‌ನನ್ನು ಓದಿ ಹೊಲಿದವನಲ್ಲ. ಅವನಿಗೆ ಇದು ಬಂದದ್ದು ಬೇರೆ ಕಡೆಯಿಂದ.

ಕಂಪನಿ ನಾಟಕಕ್ಕಿಂತ ಮೊದಲು ಈ ಭಾಗದಲ್ಲಿ ರಾತ್ರಿಯಿಡೀ ಆಡುತ್ತಿದ್ದದ್ದು ಮೂಡಲಪಾಯ. ಹಾಸನ, ತುಮಕೂರು, ಮಂಡ್ಯದ ಕಡೆಯ ಯಕ್ಷಗಾನ ಅದು. ಅದರ ಕಿರೀಟ, ಭುಜಕೀರ್ತಿ, ಎದೆಹಾರಗಳು ಮರದವು. ಹಗುರ ಮರವನ್ನು ಕೆತ್ತಿ, ಬಣ್ಣ ಹಚ್ಚಿ, ಬೇಗಡೆ ಮತ್ತು ಕನ್ನಡಿ ಚೂರು ಕೂರಿಸಿದವು. ಹಗುರ ಮರ ಎಂದರೂ ಮರವೇ ತಾನೆ, ಹೊತ್ತು ಕುಣಿದವರಿಗೇ ಗೊತ್ತು. ನಾಗಮಂಗಲ ಸೀಮೆಯಿಂದ ಬಂದ ಜೀ.ಶಂ. ಪರಮಶಿವಯ್ಯನವರು ಈ ಆಟದ ಬೆನ್ನುಹತ್ತಿ ದಾಖಲಿಸದಿದ್ದರೆ ಅರ್ಧ ಮರೆತೇ ಹೋಗಿರುತ್ತಿತ್ತು. ಅವರು ಮತ್ತು ಪಿ.ಆರ್. ತಿಪ್ಪೇಸ್ವಾಮಿಯವರು ಊರೂರು ಅಲೆದು ಕೂಡಿಸಿದ ಸಾಮಾನಿನಿಂದ ಬೆಳೆದದ್ದು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ. ದೀಪದ ಬೆಳಕಿಗೆ ಆ ಕನ್ನಡಿ ಚೂರುಗಳು ಎಷ್ಟು ಕೆಲಸ ಮಾಡುತ್ತಿದ್ದವು ಎಂದು ಟ್ಯೂಬ್‌ಲೈಟಿನಡಿ ಊಹಿಸುವುದು ಕಷ್ಟ.

ಮಖಮಲ್ಲು ಹತ್ತಿದ್ದು ರೈಲು ಬಂದ ಕಾಲದಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಮರಾಠಿ ಮತ್ತು ಪಾರ್ಸಿ ಕಂಪನಿಗಳು ಮೈಸೂರಿನವರೆಗೂ ಬಂದು ಆಡಿದವು. ಬಣ್ಣದ ಪರದೆ, ಜರತಾರಿ ಉಡುಪು, ಥಳಥಳ ಕಿರೀಟ ನೋಡಿ ಜನ ಮರುಳಾದರು. ಹತ್ತನೇ ಚಾಮರಾಜೇಂದ್ರ ಒಡೆಯರ ಆಸರೆಯಲ್ಲಿ ಅರಮನೆಯದ್ದೇ ನಾಟಕ ಕಂಪನಿ ಹುಟ್ಟಿತು, ಬಸವಪ್ಪಶಾಸ್ತ್ರಿಗಳು ಅದಕ್ಕಾಗಿ ನಾಟಕ ಬರೆದರು. ಇನ್ನೊಂದು ಕಡೆಯಿಂದ ರಾಜಾ ರವಿವರ್ಮ ಬಂದ. 1894ರಲ್ಲಿ ಅವನು ಮುಂಬಯಿಯಲ್ಲಿ ಶುರುಮಾಡಿದ ಮುದ್ರಣಾಲಯದಿಂದ ದೇವರು, ಪುರಾಣಪುರುಷರೆಲ್ಲ ಅಗ್ಗದ ಪಟಗಳಾಗಿ ಮನೆಮನೆಯ ಗೋಡೆ ಏರಿದರು. ಮೈಸೂರು ಅರಮನೆಗಾಗಿ ಅವನು ಬರೆದ ದೊಡ್ಡ ಚಿತ್ರಗಳಲ್ಲಿ ಕೃಷ್ಣ ಕೌರವರ ಸಭೆಗೆ ಸಂಧಾನಕ್ಕೆ ಬಂದದ್ದೂ ಒಂದು. ‘ಕುರುಕ್ಷೇತ್ರ’ದಲ್ಲಿ ಇವತ್ತಿಗೂ ಜನ ನಿದ್ದೆಗೆಟ್ಟು ಕಾಯುವ ದೃಶ್ಯ ಅದೇ ತಾನೆ! ಚಿತ್ರದಿಂದ ರಂಗಕ್ಕೆ, ರಂಗದಿಂದ ಚಿತ್ರಕ್ಕೆ ಉಡುಪುಗಳು ಓಡಾಡಿಕೊಂಡಿದ್ದವು. ದುರ್ಯೋಧನ ಹೀಗೇ ಇರುತ್ತಾನೆ ಎಂಬ ರೂಪ ಜನರ ಕಣ್ಣಲ್ಲಿ ಗಟ್ಟಿಯಾದದ್ದು ಆವಾಗ.

ಅದನ್ನು ಊರೂರಿಗೆ ಹೊತ್ತು ತಂದದ್ದು ಕಂಪನಿಗಳು, ಅದರಲ್ಲೂ ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರು ಯಜಮಾನರಾದ ಮೇಲೆ ವೈಭವಕ್ಕೆ ಮಿತಿಯೇ ಇಲ್ಲದಂತಾಯಿತು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು 1930ರ ದಶಕದಲ್ಲಿ ವೀರಣ್ಣನವರು ಬೆಂಗಳೂರಿನ ಬಯಲಿನಲ್ಲಿ ನಿಜವಾದ ಆನೆ ಕುದುರೆ ತಂದು ಆಡಿದರು. ಆನೆಯ ಪಕ್ಕ ನಿಲ್ಲುವ ದುರ್ಯೋಧನ ಸಣ್ಣಗೆ ಕಾಣಬಾರದು. ಭುಜಕೀರ್ತಿ ದೊಡ್ಡದಾದದ್ದು, ಕಿರೀಟ ಮೇಲೆದ್ದದ್ದು ಇಂಥ ಹಟದಿಂದಲೇ ಇರಬೇಕು ಎಂದು ನನ್ನ ಊಹೆ. ಮುಂದೆ ಸಿನಿಮಾ ಬಂದು ಕಂಪನಿಗಳು ಒಂದೊಂದೇ ಬಾಗಿಲು ಹಾಕಿದಾಗ, ಕೆಲಸ ತಪ್ಪಿದ ಹಾರ್ಮೋನಿಯಂ ಮೇಷ್ಟ್ರು, ಬಣ್ಣ ಹಚ್ಚುವವರು ಹಳ್ಳಿಗಳ ಕಡೆ ತಿರುಗಿದರು. ಹಾಡು ಕಲಿಸಿದರು, ಮಟ್ಟು ಕಲಿಸಿದರು. ಪರದೆ, ಡ್ರೆಸ್ಸು ಬಾಡಿಗೆಗೆ ಸಿಗತೊಡಗಿದವು. ಹೊಟ್ಟೆಪಾಡಿಗಾಗಿ ಆಡುತ್ತಿದ್ದ ಆಟವನ್ನು ಹಳ್ಳಿಯವರು ಕೈಯಿಂದ ಕಾಸು ಹಾಕಿ ಆಡತೊಡಗಿದ್ದು ಹೀಗೆ.

ಸಿನಿಮಾ ನಾಟಕವನ್ನು ಕೊಂದಿತು ಎನ್ನುತ್ತೇವೆ, ಆದರೆ ಡ್ರೆಸ್ಸಿನ ಮಟ್ಟಿಗೆ ಅದು ಗೊಬ್ಬರ ಹಾಕಿತು. ಗುಬ್ಬಿ ಕಂಪನಿಯಲ್ಲೇ ಪಳಗಿದ ರಾಜ್‌ಕುಮಾರ್ ‘ರಣಧೀರ ಕಂಠೀರವ’ (1960), ‘ಶ್ರೀಕೃಷ್ಣದೇವರಾಯ’ (1970), ‘ಮಯೂರ’ (1975), ‘ಬಭ್ರುವಾಹನ’ (1977) ಚಿತ್ರಗಳಲ್ಲಿ ತೊಟ್ಟದ್ದನ್ನು ನೋಡಿ ಬಂದವರಿಗೆ ಹಳೆಯ ಟ್ರಂಕಿನ ಸಾಮಾನು ರುಚಿಸಲಿಲ್ಲ. 1988ರಲ್ಲಿ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಶುರುವಾಯಿತು. ಆಮೇಲೆ ಬಟ್ಟೆ ಕವಚಕ್ಕೆ ಬದಲು ಲೋಹದ ಹಾಗೆ ಹೊಳೆಯುವ, ಎದೆಯ ಮಾಂಸಖಂಡದ ಉಬ್ಬುತಗ್ಗನ್ನೇ ಅಚ್ಚೊತ್ತಿದ ಕವಚ ಬೇಕೆನ್ನುವ ಕಾಲ ಬಂತು. ಅದಕ್ಕೆ ಉತ್ತರ ಫೈಬರ್. ಮೊದಲು ಜೇಡಿಮಣ್ಣಿನಲ್ಲಿ ಎದೆಯ ಆಕಾರ ಮಾಡಿ, ಮೇಲೆ ಬಳ್ಳಿ, ಸಿಂಹಮುಖ ತಿದ್ದುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಗಾಜುನಾರಿನ ಹಾಸು ಇಟ್ಟು ರೆಸಿನ್ ಬಳಿದು, ಒಣಗಿದ ಮೇಲೆ ಬಿಡಿಸಿ, ಅಂಚು ಉಜ್ಜಿ, ಚಿನ್ನದ ಬಣ್ಣ ಹೊಡೆಯುತ್ತಾರೆ. ಒಂದು ಅಚ್ಚಿನಿಂದ ಬೇಕಾದಷ್ಟು ದುರ್ಯೋಧನರು. ಉಜ್ಜುವಾಗ ಏಳುವ ಪುಡಿ ಮೈಗೆ ತಗುಲಿದರೆ ಕೆರೆತ. ಸರಿಯಾಗಿ ಉಜ್ಜದ ಅಂಚು ಕಂಕುಳಿಗೆ ತಗುಲಿದರೆ ಬೆಳಗಾಗುವುದರೊಳಗೆ ಗೀರು. ಆದ್ದರಿಂದಲೇ ಒಳಗೆ ಬನಿಯನ್ನು, ಅದರ ಮೇಲೆ ಟವೆಲ್ಲು.

ಬೆಲೆಯ ಮಾತಿಗೆ ಬಂದರೆ ಮಖಮಲ್ಲಿನದು ಕೈಕೆಲಸ ಕೇಳುತ್ತದೆ, ಫೈಬರಿನದು ಅಚ್ಚು ಕೇಳುತ್ತದೆ. ಮಖಮಲ್ಲು ಹರಿದರೆ ಹೊಲಿಯಬಹುದು, ಫೈಬರ್ ಸೀಳಿದರೆ ಸೂಜಿದಾರ ಕೆಲಸಕ್ಕೆ ಬಾರದು. ನನ್ನನ್ನು ಕೇಳಿದರೆ ಹಾಡುವವನಿಗೆ ಮಖಮಲ್ಲೇ ವಾಸಿ, ಉಸಿರಿನ ಜೊತೆ ಅದು ಹಿಗ್ಗುತ್ತದೆ. ಆದರೆ ಫೋಟೋಗೆ ಫೈಬರೇ ಚೆನ್ನ, ಈಗ ಗೆಲ್ಲುವುದು ಫೋಟೋ. ನಾಟಕಕ್ಕೆ ವಾರಗಟ್ಟಲೆ ಮೊದಲೇ ಪಾತ್ರಧಾರಿಗಳು ಡ್ರೆಸ್ಸು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಫ್ಲೆಕ್ಸಾಗಿ ಊರ ಬಾಗಿಲಲ್ಲಿ ನಿಲ್ಲುತ್ತದೆ. ರಾತ್ರಿ ಹಾಡಿದ್ದು ಬೆಳಗ್ಗೆ ಮುಗಿಯಿತು, ಫ್ಲೆಕ್ಸು ಮಳೆಗಾಲದವರೆಗೂ ಇರುತ್ತದೆ. ಇದೇ ಜಾತಿಯ ಕಿರೀಟ, ಇದೇ ಜಾತಿಯ ಗದೆ ಬೆಳ್ಳಿಯ ಬಣ್ಣ ಬಳಿದುಕೊಂಡು ರಾಜಕಾರಣಿಗಳ ಸನ್ಮಾನಕ್ಕೂ ಹೋಗುತ್ತವೆ. ಅಲ್ಲಿ ಯಾರೂ ಹಾಡಬೇಕಾದ್ದಿಲ್ಲ, ಅದೊಂದು ಅನುಕೂಲ.

ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳು ಸಾಲಾಗಿ ನಡೆದಾಗ ಒಂದು ಫಜೀತಿ ಎದುರಾಗುತ್ತದೆ. ಇವತ್ತಿನ ಕರ್ಣ ತೊಟ್ಟ ಕವಚವೇ ನಾಳೆಯ ಕರ್ಣನ ಮೈಮೇಲೆ. ನೋಡುವವರಿಗೆ ಗುರುತು ಸಿಗುತ್ತದೆ, ನೆಂಟರು ಆಡಿಕೊಳ್ಳುತ್ತಾರೆ. ಹಾಗಾಗಿ ಕೈಲಾದವರು ಸ್ವಂತ ಕಿರೀಟ, ಸ್ವಂತ ಕವಚ ಮಾಡಿಸಿಕೊಳ್ಳುವುದು ಶುರುವಾಗಿದೆ. ಅಳತೆ ಕೊಟ್ಟು, 2019ರಲ್ಲಿ ದರ್ಶನ್ ದುರ್ಯೋಧನನಾದ ಸಿನಿಮಾದ ಪಟವನ್ನು ಮೊಬೈಲಿನಲ್ಲಿ ತೋರಿಸಿ, “ಇದೇ ಥರ ಬರಬೇಕು” ಎನ್ನುತ್ತಾರೆ. ಬಾಡಿಗೆಯವನಿಗೆ ಇದು ನಷ್ಟ, ಮೇಷ್ಟ್ರಿಗೆ ತಲೆನೋವು. ಒಂದು ಸಲ ದುರ್ಯೋಧನನ ಕವಚ ಮಾಡಿಸಿಕೊಂಡವನಿಗೆ ಮರುವರ್ಷ ವಿದುರನ ಪಾತ್ರ ಕೊಡುತ್ತೇನೆಂದರೆ ಒಪ್ಪುವುದಿಲ್ಲ. ಗಂಟಲು ಬಿದ್ದಿರಲಿ, ವಯಸ್ಸಾಗಿರಲಿ, ಡಾಬು ಎರಡು ತೂತು ಹಿಂದಕ್ಕೆ ಹೋಗಿರಲಿ, ಕವಚ ಅಟ್ಟದ ಮೇಲೆ ಇರುವ ತನಕ ಅವನೇ ದುರ್ಯೋಧನ.