ಗಿಳಿಯೊಳಗಣ ಪ್ರಾಣ

ಸಾವನ್ನು ಗೆಲ್ಲಬೇಕೆಂಬ ಆಸೆಯು ಮನುಷ್ಯನಿಗೆ ಬಹು ಪುರಾತನವಾದುದು. ಲೋಕದಲ್ಲಿ ಸಾಧ್ಯವಾಗದುದನ್ನು ಅವನು ಕಥೆಯಲ್ಲಿ ಸಾಧಿಸಲೆಳಸಿದನು. ಏಳು ಸಮುದ್ರಗಳಾಚೆಯ ಗಿಳಿಯೊಳಗೆ ರಾಕ್ಷಸನು ತನ್ನ ಪ್ರಾಣವನ್ನು ಬಚ್ಚಿಟ್ಟ ಕಥೆಯನ್ನು ಅಜ್ಜಿಯರಿಂದ ಕೇಳಿದವರು ನಮ್ಮಲ್ಲಿ ಅನೇಕರಿರುವರು. ಇಂತಹ ಅದ್ಭುತಕಥೆಗಳನ್ನು ಹೊಸದಾಗಿ ಕಟ್ಟಲೆಳಸುವ ತರುಣರು ಮೊದಲು ತಿಳಿಯತಕ್ಕ ವಿಷಯವೊಂದುಂಟು: ಮಾಯೆಗೂ ಕಟ್ಟಳೆ ಬೇಕು. ಎಂದಿಗೂ ಸಾಯದವನಿಗೆ ಭಯವಿಲ್ಲ. ಭಯವಿಲ್ಲದೆಡೆಯಲ್ಲಿ ಕಥೆಯೂ ಇಲ್ಲ.

ಮೊದಲನೆಯ ಕಟ್ಟಳೆಯನ್ನು ಮಹಾಭಾರತದ ವನಪರ್ವವೇ ತಿಳಿಸುತ್ತದೆ. ಬಾಲಧಿಯೆಂಬ ಋಷಿಯು ಅಮರನಾದ ಮಗನನ್ನು ಬಯಸಿ ತಪಸ್ಸು ಮಾಡಿದನು. ಮರ್ತ್ಯನಿಗೆ ಅಮರತ್ವವಿಲ್ಲ, ಆಯುಸ್ಸಿಗೊಂದು ನಿಮಿತ್ತವನ್ನು ಮಾತ್ರ ಗೊತ್ತುಮಾಡಬಹುದೆಂದು ದೇವತೆಗಳು ಹೇಳಲು, ಅವನು ಪರ್ವತಗಳನ್ನೇ ನಿಮಿತ್ತವಾಗಿ ಕೇಳಿಕೊಂಡನು. ಮಗನಾದ ಮೇಧಾವಿಯು ಆ ಬಲದಿಂದ ಗರ್ವಿಷ್ಠನಾಗಿ ಋಷಿಗಳನ್ನು ಅವಮಾನಿಸುತ್ತ ಹೋದನು. ಕಡೆಗೆ ಧನುಷಾಕ್ಷನೆಂಬ ಮುನಿಯು ಕೋಣಗಳಿಂದ ಆ ಪರ್ವತಗಳನ್ನು ಒಡೆಯಿಸಲು, ಮೇಧಾವಿಯು ಮಡಿದನು. ಆಧಾರವು ನಾಶವಾದರೆ ಆಶ್ರಿತನೂ ಉಳಿಯನು.

ಪರ್ವತದ ಗತಿಯೇ ಹೀಗಾದರೆ ಹಕ್ಕಿಯ ಪಾಡೇನು? ಮೇರಿ ಫ್ರಿಯರ್ ಎಂಬಾಕೆಯು ತನ್ನ ಆಯಾ ಅನ್ನಾ ಲಿಬರಾಟಾ ಡಿಸೋಜಳಿಂದ ದಕ್ಷಿಣ ಭಾರತದ ಕಥೆಗಳನ್ನು ಕೇಳಿ 1868ರಲ್ಲಿ ಅಚ್ಚು ಹಾಕಿಸಿದಳು. ಅವುಗಳಲ್ಲಿ ಪಂಚ್‌ಕಿನ್ ಎಂಬ ಮಾಂತ್ರಿಕನ ಕಥೆಯುಂಟು. ಘೋರಾರಣ್ಯದ ನಡುವೆ ತಾಳೆಮರಗಳ ವರ್ತುಲ. ಅದರೊಳಗೆ ಒಂದರ ಮೇಲೊಂದಾಗಿ ಆರು ನೀರಿನ ಕೊಡಗಳು. ಅವುಗಳ ಕೆಳಗೆ ಪಂಜರದಲ್ಲೊಂದು ಪುಟ್ಟ ಹಸಿರು ಗಿಳಿ. ಗಿಳಿಯ ರೆಕ್ಕೆಯನ್ನು ಕಿತ್ತಾಗ ಮಾಂತ್ರಿಕನ ತೋಳು ಕಳಚಿ ಬಿದ್ದಿತು. ಅದರ ಕೊರಳನ್ನು ಮುರಿದಾಗ ಅವನೂ ಸತ್ತನು. ಪ್ರಾಣವನ್ನು ಬೇರೆಡೆ ಇಟ್ಟವನು ಆ ಜೀವಿಯ ನೋವಿಗೂ ಭಾಗಿ. ಇದು ಎರಡನೆಯ ಕಟ್ಟಳೆ.

ಮೂರನೆಯದು ಇವೆರಡಕ್ಕಿಂತಲೂ ಮುಖ್ಯವಾದುದು. ಆ ಪಂಜರದ ಬಳಿಗೆ ರಾಜಕುಮಾರನು ಹೋದುದು ಹೇಗೆ? ಅವನು ಹಾವಿನ ಬಾಯಿಂದ ಹದ್ದಿನ ಮರಿಗಳನ್ನು ಕಾಪಾಡಿದ್ದನು. ಆ ಮರಿಗಳೇ ಅವನನ್ನು ಹೊತ್ತು ಹಾರಿದುವು. ರಷ್ಯಾದೇಶದಲ್ಲಿ ಅಫನಾಸ್ಯೆವನು 1855ರಿಂದ 1863ರವರೆಗೆ ಪ್ರಕಟಿಸಿದ ಕಥೆಗಳಲ್ಲಿಯೂ ಇದೇ ಧರ್ಮವು ಕಾಣಬರುತ್ತದೆ. ಅಲ್ಲಿ ಕೊಶ್ಚೇಯನೆಂಬ ‘ಮರಣವಿಲ್ಲದವನ’ ಮೃತ್ಯುವು ಪೆಟ್ಟಿಗೆಯೊಳಗಣ ಮೊಲ, ಮೊಲದೊಳಗಣ ಬಾತು, ಬಾತಿನೊಳಗಣ ಮೊಟ್ಟೆಯಲ್ಲಿ ಅಡಗಿರುವುದು. ಆ ಮೊಟ್ಟೆಯನ್ನು ದೊರಕಿಸಿಕೊಡುವವು ನಾಯಕನು ಹಸಿದಿದ್ದರೂ ಕೊಲ್ಲದೆ ಬಿಟ್ಟ ಪ್ರಾಣಿಗಳೇ. ಸೆರೆಯಲ್ಲಿಟ್ಟ ಪ್ರಾಣಿಯು ಯಜಮಾನನಿಗೆ ಮರ್ಮಸ್ಥಾನವಾಗುವುದು. ದಯೆಗೆ ಪಾತ್ರವಾದ ಪ್ರಾಣಿಯು ಬಲವಾಗುವುದು.

ಆದರೆ ಗಿಳಿಯ ವಿಷಯವೊಂದು ಉಳಿಯಿತು. ಅದರ ಒಪ್ಪಿಗೆಯನ್ನು ಮಾಂತ್ರಿಕನೂ ಕೇಳಲಿಲ್ಲ, ರಾಜಕುಮಾರನೂ ಕೇಳಲಿಲ್ಲ. ಹೊಸ ಕಥೆಯನ್ನು ಕಟ್ಟುವವರು ಅದನ್ನೊಮ್ಮೆ ಕೇಳಲಿ. ಮನೆಯಲ್ಲಿ ಈ ಕಥೆಯನ್ನು ಹೇಳುವ ತಾಯಂದಿರೂ, ‘ಗಿಳಿಯು ಏನು ತಪ್ಪು ಮಾಡಿತ್ತು?’ ಎಂದು ಮಗು ಕೇಳಿದಾಗ ಅದನ್ನು ಗದರಿಸಿ ಸುಮ್ಮನಾಗಿಸದಿರಲಿ. ರಾಕ್ಷಸನಿಗೆ ತೋರದೆ ಹೋದುದು ಆ ಮಗುವಿಗೆ ತೋರಿರುವುದು.