ಗೆಸ್ಟಾಲ್ಟ್ ಆಪ್ತಸಲಹೆ ಮತ್ತು ಕನ್ನಡದ ವಾಕ್ಯ: ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಮನೋವಿಜ್ಞಾನದ ಪಾರಿಭಾಷಿಕ ಪದಗಳಲ್ಲಿ ಅನುವಾದಕ್ಕೆ ಸುಲಭವಾಗಿ ಒಗ್ಗದವುಗಳ ಪೈಕಿ 'ಗೆಸ್ಟಾಲ್ಟ್' ಒಂದು. ಆಕಾರ, ರೂಪ, ಬಿಡಿಭಾಗಗಳ ಮೊತ್ತದಿಂದ ವಿವರಿಸಲಾಗದ ಒಟ್ಟು ವಿನ್ಯಾಸ ಎಂಬ ಅರ್ಥಗಳೆಲ್ಲ ಈ ಜರ್ಮನ್ ಪದದಲ್ಲಿ ಅಡಗಿವೆ. ಕನ್ನಡದಲ್ಲಿ ಇದನ್ನು 'ಸಮಗ್ರಾಕೃತಿ' ಎನ್ನಬಹುದಾದರೂ ಆಪ್ತಸಲಹೆಯ ಸಂದರ್ಭದಲ್ಲಿ ಮೂಲ ಪದವೇ ರೂಢಿಯಲ್ಲಿರುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಳ್ಳಲಾಗಿದೆ. ಕನ್ನಡ ಅಧ್ಯಯನಕ್ಕೂ ಈ ಚಿಕಿತ್ಸಾ ಪದ್ಧತಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಗೆಸ್ಟಾಲ್ಟ್ ಆಪ್ತಸಲಹೆಯ ಉಪಕರಣಗಳಲ್ಲಿ ಬಹುಪಾಲು ವಾಕ್ಯಗಳೇ ಆಗಿವೆ. ಸಲಹಾರ್ಥಿ ಆಡಿದ ವಾಕ್ಯದ ಕರ್ತೃವನ್ನು, ಕಾಲವನ್ನು, ಕ್ರಿಯಾಪದವನ್ನು ಬದಲಿಸಿ ಮತ್ತೆ ಆಡಿಸುವುದು ಅದರ ಮುಖ್ಯ ತಂತ್ರ. ಇಂಗ್ಲಿಷಿನ ವಾಕ್ಯರಚನೆಯನ್ನು ನಂಬಿ ರೂಪುಗೊಂಡ ಈ ತಂತ್ರವನ್ನು ಕನ್ನಡಕ್ಕೆ ತರುವಾಗ ವ್ಯಾಕರಣವು ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ನೆರವಾಗುತ್ತದೆ ಎಂಬುದು ಭಾಷೆಯ ವಿದ್ಯಾರ್ಥಿಗಳು ವಿಚಾರಿಸಬೇಕಾದ ಸಂಗತಿ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಪರಿಸರದಲ್ಲಿ ಈ ವಿಚಾರಣೆ ಇನ್ನಷ್ಟು ತೊಡಕಿನದೂ ಫಲಪ್ರದವೂ ಆಗುತ್ತದೆ.

ಈ ಪದ್ಧತಿಯ ಪ್ರವರ್ತಕ ಫ್ರಿಟ್ಸ್ ಪರ್ಲ್ಸ್ 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು. ವೈದ್ಯ, ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದವನು. ಪತ್ನಿ ಲಾರಾ ಪರ್ಲ್ಸ್ ಗೆಸ್ಟಾಲ್ಟ್ ಮನೋವಿಜ್ಞಾನವನ್ನು ಶಾಸ್ತ್ರೀಯವಾಗಿ ಓದಿದವಳು. ಈ ಚಿಂತನೆಯಲ್ಲಿ ಅವಳ ಪಾಲನ್ನು ಬಹುಕಾಲ ಕಡಿಮೆ ಮಾಡಿ ಹೇಳಲಾಗಿದೆ. ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದ ಈ ಯಹೂದಿ ದಂಪತಿಗಳು ಹಾಲೆಂಡಿನ ಮೂಲಕ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸೇರಿದರು. ಪರ್ಲ್ಸನ ಮೊದಲ ಗ್ರಂಥ 1942ರಲ್ಲಿ ಪ್ರಕಟವಾದುದು ಆ ದೇಶದಲ್ಲಿಯೇ. ಜೋಹಾನ್ಸ್‌ಬರ್ಗ್ ಚಿನ್ನದ ಗಣಿಗಳಿಂದಲೇ ಎದ್ದ ನಗರವೆಂಬುದು ಕೋಲಾರದವರಿಗೆ ಕುತೂಹಲ ಹುಟ್ಟಿಸಬಹುದು. ಆದರೆ ಈ ಕಾಕತಾಳೀಯಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ. ಯುದ್ಧಾನಂತರ ಅವರು ನ್ಯೂಯಾರ್ಕಿಗೆ ತೆರಳಿದರು. ರಾಲ್ಫ್ ಹೆಫರ್‌ಲೈನ್ ಮತ್ತು ಪಾಲ್ ಗುಡ್‌ಮನ್ ಅವರೊಡನೆ ಪರ್ಲ್ಸ್ 1951ರಲ್ಲಿ ಹೊರತಂದ ಗ್ರಂಥದಿಂದ ಈ ಪದ್ಧತಿಗೆ ಹೆಸರೂ ಸ್ವರೂಪವೂ ದೊರೆತವು.

ಮೊದಲ ಪರಿಕಲ್ಪನೆ ಆಕೃತಿ ಮತ್ತು ಹಿನ್ನೆಲೆಯದು. ಕಣ್ಣು ಒಂದನ್ನು ಎತ್ತಿ ಹಿಡಿದಾಗ ಉಳಿದುದೆಲ್ಲ ಹಿನ್ನೆಲೆಗೆ ಸರಿಯುತ್ತದೆ. ಬಾಯಾರಿದವನಿಗೆ ಸಂತೆಯಲ್ಲಿ ನೀರಿನ ಕೊಡವೇ ಆಕೃತಿ. ಕುಡಿದ ಮೇಲೆ ಅದು ಹಿಂದೆ ಸರಿದು ಬೇರೊಂದು ಮುಂದೆ ಬರುತ್ತದೆ. ಬಯಕೆ ಮೂಡಿ, ಈಡೇರಿ, ಹಿಂದೆ ಸರಿಯುವ ಈ ಚಕ್ರ ಸರಾಗವಾಗಿ ನಡೆಯುವುದೇ ಆರೋಗ್ಯ ಎಂಬುದು ಪರ್ಲ್ಸನ ನಿಲುವು. ಚಕ್ರ ನಡುವೆ ನಿಂತರೆ ಉಳಿಯುವುದು 'ಮುಗಿಯದ ವ್ಯವಹಾರ'. ಕೈಬಿಟ್ಟ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಹಿನ್ನೆಲೆಯಾಗಿ ಒದಗಿದವು.

ಕೆ.ಜಿ.ಎಫ್. ಪ್ರದೇಶದಲ್ಲಿ ಈ ಪರಿಕಲ್ಪನೆಯನ್ನು ಬಳಸುವಾಗ ಎಚ್ಚರ ಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ ತಮಿಳು ಮತ್ತು ತೆಲುಗು ಪ್ರದೇಶಗಳಿಂದ ಬಂದ ಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದ ಗಣಿಗಳು ಇವು. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರೋದ್ಯಮವಾಗಿ, 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿಹೋದವು. ಬಾಕಿ ಹಣ, ವಾಸದ ಮನೆ, ಹಕ್ಕುಪತ್ರಗಳ ಪ್ರಶ್ನೆಗಳು ಅನಂತರವೂ ವರ್ಷಗಟ್ಟಲೆ ಮನವಿ, ವ್ಯಾಜ್ಯಗಳಲ್ಲಿ ಎಳೆದಾಡಿದವು. ಇಂಥಲ್ಲಿ 'ಮುಗಿಯದ ವ್ಯವಹಾರ' ಎಂಬುದು ರೂಪಕವಲ್ಲ. ಕಚೇರಿಯಲ್ಲಿ ಮುಗಿಯಬೇಕಾದುದನ್ನು ಮನಸ್ಸಿನಲ್ಲಿ ಮುಗಿಸಿಕೊಳ್ಳಿ ಎಂದು ಹೇಳುವುದು ಆಪ್ತಸಲಹೆಯಲ್ಲ. ಅನ್ಯಾಯಕ್ಕೆ ಮುಲಾಮು ಸವರುವುದು ಮಾತ್ರ. ಗೆಸ್ಟಾಲ್ಟ್ ಸಿದ್ಧಾಂತವೇ ಇದಕ್ಕೆ ಆಸ್ಪದ ಕೊಡುವುದಿಲ್ಲ. ವ್ಯಕ್ತಿ ಮತ್ತು ಪರಿಸರ ಸೇರಿ ಒಂದೇ ಕ್ಷೇತ್ರ ಎಂಬುದು ಅದರ ಮೂಲ ಪ್ರತಿಜ್ಞೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಅದು ವ್ಯಕ್ತಿಯ ಸ್ವಾತಂತ್ರ್ಯದ ಘೋಷಣೆಯಾಗಿ ಜನಪ್ರಿಯವಾದಾಗ ಈ ಪ್ರತಿಜ್ಞೆ ಮಸುಕಾಯಿತು ಎನ್ನದೆ ವಿಧಿಯಿಲ್ಲ.

ಎರಡನೆಯ ಪರಿಕಲ್ಪನೆ ಅರಿವು. ವಚನ ಪರಂಪರೆಯಿಂದಾಗಿ ಈ ಪದಕ್ಕೆ ಕನ್ನಡದಲ್ಲಿ ಬಂದಿರುವ ತೂಕ ಇಲ್ಲಿ ನೆರವೂ ಹೌದು, ತೊಡಕೂ ಹೌದು. ಗೆಸ್ಟಾಲ್ಟ್‌ನಲ್ಲಿ ಅರಿವೆಂದರೆ ಜ್ಞಾನೋದಯವಲ್ಲ. ಈ ಕ್ಷಣದಲ್ಲಿ ಉಸಿರು ಎಲ್ಲಿ ಸಿಕ್ಕಿಕೊಂಡಿದೆ, ದವಡೆ ಹೇಗೆ ಬಿಗಿದಿದೆ, ಮಾತು ಯಾವ ಪದದ ಬಳಿ ತಡವರಿಸಿತು ಎಂಬ ತೀರ ಸಣ್ಣ ಸಂಗತಿಗಳ ಗಮನ. ಆದ್ದರಿಂದಲೇ ಸಲಹೆಗಾರ 'ಏಕೆ' ಎಂದು ಕೇಳುವುದಿಲ್ಲ. 'ಏನು', 'ಹೇಗೆ' ಎಂದು ಕೇಳುತ್ತಾನೆ. 'ಏಕೆ'ಗೆ ಸಿಗುವುದು ಸಮರ್ಥನೆ. ಬೇರೆಯಾಗಲು ಹೆಣಗುವುದನ್ನು ಬಿಟ್ಟು ಇರುವಂತೆಯೇ ತನ್ನನ್ನು ಕಂಡಾಗ ಬದಲಾವಣೆ ಸಂಭವಿಸುತ್ತದೆ ಎಂದು ಆರ್ನಾಲ್ಡ್ ಬೈಸರ್ 1970ರಲ್ಲಿ ಮಂಡಿಸಿದ ವಿರೋಧಾಭಾಸದ ತತ್ತ್ವವೂ ಇದನ್ನೇ ಆಧರಿಸಿದೆ. ಟೆನಿಸ್ ಆಟಗಾರನಾಗಿದ್ದು ಪೋಲಿಯೋದಿಂದ ದೇಹದ ಚಲನೆ ಕಳೆದುಕೊಂಡ ಬೈಸರ್‌ಗೆ ಇದು ಪುಸ್ತಕದ ಮಾತಾಗಿರಲಿಲ್ಲ. ಇಲ್ಲಿ ಕನ್ನಡದ 'ಆಪ್ತಸಲಹೆ' ಎಂಬ ಪದದ ಬಗೆಗೂ ಒಂದು ಮಾತು ಹೇಳಬೇಕು. 'ಆಪ್ತ' ಸರಿ, 'ಸಲಹೆ'ಯನ್ನಂತೂ ಈ ಪದ್ಧತಿ ಕೊಡುವುದೇ ಇಲ್ಲ.

ವ್ಯಕ್ತಿ ಪರಿಸರವನ್ನು ಮುಟ್ಟುವ ಗಡಿಯನ್ನು 'ಸಂಪರ್ಕದ ಎಲ್ಲೆ' ಎಂದು ಕರೆಯುತ್ತಾರೆ. ಆ ಎಲ್ಲೆಯಲ್ಲಿ ಉಂಟಾಗುವ ತೊಡಕುಗಳ ವಿವರಣೆಯೇ ಈ ಪದ್ಧತಿಯ ಅತ್ಯಂತ ಸಮೃದ್ಧ ಭಾಗ. ಹೊರಗಿನ ವಿಧಿನಿಷೇಧಗಳನ್ನು ಜಗಿಯದೆ ನುಂಗುವುದು ಮೊದಲನೆಯದು. ಪರ್ಲ್ಸ್ ತನ್ನ ಮೊದಲ ಗ್ರಂಥದಲ್ಲಿಯೇ ಹಸಿವು, ಹಲ್ಲು, ಜೀರ್ಣಕ್ರಿಯೆಗಳ ಮೂಲಕ ಮನಸ್ಸನ್ನು ವಿವರಿಸಲು ಹೊರಟಿದ್ದ. ಕನ್ನಡಿಗರಿಗೆ ಇದನ್ನು ಕಲಿಸಬೇಕಾಗಿಲ್ಲ: ಕೋಪ ನುಂಗುವುದು, ಮಾತು ನುಂಗುವುದು, ಹಲ್ಲುಕಚ್ಚಿ ಸಹಿಸುವುದು, ದುಃಖ ಅರಗಿಸಿಕೊಳ್ಳುವುದು, ಎಲ್ಲವೂ ದಿನಬಳಕೆಯ ನುಡಿಗಟ್ಟುಗಳು. ತನ್ನದನ್ನು ಇತರರ ಮೇಲೆ ಆರೋಪಿಸುವುದು ಎರಡನೆಯದು. ಇದು ಮನೋವಿಶ್ಲೇಷಣೆಯಿಂದ ಬಂದ ಪರಿಚಿತ ಪರಿಕಲ್ಪನೆಯಾದುದರಿಂದ ವಿಸ್ತರಿಸಬೇಕಾಗಿಲ್ಲ. ಮೂರನೆಯದು ಒಳತಿರುವು: ಹೊರಗಿನವರಿಗೆ ಮಾಡಬೇಕೆಂದುದನ್ನು ತನಗೇ ಮಾಡಿಕೊಳ್ಳುವುದು. ಇಂಗ್ಲಿಷ್ ಇದಕ್ಕೆ ಒಂದು ಲ್ಯಾಟಿನ್ ಪದವನ್ನು ಕಟ್ಟಬೇಕಾಯಿತು. ಕನ್ನಡದಲ್ಲಿ 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ: ಹಳಿದುಕೊಂಡೆ, ಶಪಿಸಿಕೊಂಡೆ, ತಲೆ ಚಚ್ಚಿಕೊಂಡೆ. ಸಲಹಾರ್ಥಿಯ ಮಾತಿನಲ್ಲಿ ಈ 'ಕೊಂಡೆ' ಎಲ್ಲೆಲ್ಲಿ ಬರುತ್ತದೆ ಎಂದು ಆಲಿಸಿ, ಅದನ್ನು ಕಳಚಿ 'ಯಾರನ್ನು ಹಳಿಯಬೇಕಿತ್ತು?' ಎಂದು ಕೇಳುವುದು ಕನ್ನಡದಲ್ಲಿ ಬಲು ಸಹಜವಾದ ತಂತ್ರವಾಗಬಲ್ಲದು.

ನಾಲ್ಕನೆಯ ತೊಡಕು ಬೆರೆತುಹೋಗುವಿಕೆ; 'ನಾನು' ಎಂಬುದು 'ನಾವು' ಎಂಬುದರಲ್ಲಿ ಕರಗಿ ಎಲ್ಲೆ ಕಾಣದಾಗುವುದು. ಗಣಿಯ ಕುಟುಂಬಗಳಲ್ಲಿ 'ನಾವು' ಎಂಬ ಮಾತನ್ನು ಕೇಳಿದೊಡನೆ ಅದನ್ನು ತೊಡಕೆಂದು ಗುರುತಿಸುವುದು ದುಡುಕು. ನೆಲದಡಿಯಲ್ಲಿ ಒಬ್ಬನ ಜೀವ ಮತ್ತೊಬ್ಬನ ಎಚ್ಚರವನ್ನು ನಂಬಿದ್ದ ಕಸುಬಿನಲ್ಲಿ ಹುಟ್ಟಿದ 'ನಾವು' ಅದು. ಇಲ್ಲಿ ಭಾಷೆಗೆ ಸಂಬಂಧಿಸಿದ ಮತ್ತೊಂದು ಸೂಕ್ಷ್ಮವಿದೆ. ತಮಿಳಿನಲ್ಲಿ ಕೇಳುವವನನ್ನು ಹೊರಗಿಟ್ಟ 'ನಾಂಗ' ಬೇರೆ, ಒಳಗೊಂಡ 'ನಾಮ' ಬೇರೆ. ತೆಲುಗಿನಲ್ಲಿ 'ಮೇಮು', 'ಮನಮು' ಎಂಬ ಇದೇ ಭೇದವಿದೆ. ಇಂದಿನ ಕನ್ನಡಕ್ಕೆ ಒಂದೇ 'ನಾವು'. ಮನೆಯಲ್ಲಿ ತಮಿಳಾಡುವ ಸಲಹಾರ್ಥಿ ಬಂಗಾರಪೇಟೆಯಲ್ಲಿ ಕುಳಿತು ಕನ್ನಡದಲ್ಲಿ 'ನಮ್ಮ ಕಷ್ಟ' ಎಂದಾಗ ಸಲಹೆಗಾರ ಆ 'ನಮ್ಮ'ದ ಒಳಗಿದ್ದಾನೆಯೇ ಹೊರಗಿದ್ದಾನೆಯೇ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ಸಂಪರ್ಕದ ಎಲ್ಲೆಯನ್ನೇ ಚಿಕಿತ್ಸೆಯ ಕೇಂದ್ರವೆಂದು ನಂಬಿರುವ ಪದ್ಧತಿಯಲ್ಲಿ ಇದು ಸಣ್ಣ ನಷ್ಟವಲ್ಲ. 'ತಮಿಳಿನಲ್ಲಿ ಹೇಳುವುದಾದರೆ ನಾಂಗ ಅನ್ನುತ್ತೀರೋ ನಾಮ ಅನ್ನುತ್ತೀರೋ?' ಎಂಬ ಒಂದು ಪ್ರಶ್ನೆ ಅದನ್ನು ತುಂಬಿಕೊಡಬಲ್ಲದು.

ಇನ್ನು ವಾಕ್ಯದ ತಂತ್ರಕ್ಕೆ ಬರಬಹುದು. 'ಕೈ ನಡುಗುತ್ತಿದೆ' ಎಂದವನಿಂದ 'ನಾನು ನಡುಗುತ್ತಿದ್ದೇನೆ' ಎಂದೂ, 'ಆಗುವುದಿಲ್ಲ' ಎಂದವನಿಂದ 'ಮಾಡುವುದಿಲ್ಲ' ಎಂದೂ ಹೇಳಿಸುವುದು ಪರ್ಲ್ಸನ ರೂಢಿ. ತನ್ನ ಅನುಭವಕ್ಕೆ ತಾನೇ ಕರ್ತೃ ಎಂಬ ಹೊಣೆಯನ್ನು ವಾಕ್ಯದಲ್ಲಿ ಒಪ್ಪಿಸುವುದು ಇದರ ಉದ್ದೇಶ. ಇಂಗ್ಲಿಷಿನಲ್ಲಿ ಕೋಪಗೊಂಡವನೇ ವಾಕ್ಯದ ಕರ್ತೃವಾಗಿ ನಿಲ್ಲುತ್ತಾನೆ. ಕನ್ನಡದಲ್ಲಿ 'ನನಗೆ ಕೋಪ ಬಂತು', 'ನನಗೆ ದುಃಖವಾಯಿತು', 'ನನಗೆ ಭಯವಾಗುತ್ತದೆ' ಎಂದು ಅನುಭವಿಸುವವನು ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಭಾವವೇ ಕರ್ತೃವಾಗಿ ಬಂದು ಹೋಗುತ್ತದೆ. ತಮಿಳಿನ 'ಎನಕ್ಕು ಕೋಪಂ ವಂದದು', ತೆಲುಗಿನ 'ನಾಕು ಕೋಪಂ ವಚ್ಚಿಂದಿ' ಎಂಬವುಗಳ ಕಟ್ಟೂ ಇದೇ. ಗಣಿ ಪ್ರದೇಶದಲ್ಲಿ ಮನೆಮಾತು ಯಾವುದಾದರೂ ಭಾವದ ವ್ಯಾಕರಣ ಒಂದೇ ಎಂದಾಯಿತು. ಇಂಗ್ಲಿಷ್ ಪಠ್ಯಪುಸ್ತಕವನ್ನು ಓದಿ ಬಂದ ಸಲಹೆಗಾರ ಈ ರಚನೆಯನ್ನು ಹೊಣೆಗೇಡಿತನವೆಂದು ಎಣಿಸಿದರೆ, ಒಂದಿಡೀ ಭಾಷಾಕುಟುಂಬವೇ ಹೊಣೆಗೇಡಿಯೆಂದು ಹೇಳಬೇಕಾಗುತ್ತದೆ. ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ವಾದಿಸಿದ್ದು ಸಂಸ್ಕೃತದ ಅಚ್ಚನ್ನು ಕುರಿತು. ಅದೇ ಎಚ್ಚರ ಆಪ್ತಸಲಹೆಯ ಕೊಠಡಿಯಲ್ಲಿ ಇಂಗ್ಲಿಷಿನ ಅಚ್ಚನ್ನು ಕುರಿತು ಬೇಕಾಗಿದೆ.

ಹಾಗೆಂದು ತಂತ್ರವನ್ನೇ ಕೈಬಿಡಬೇಕಾಗಿಲ್ಲ. ಕನ್ನಡವು ಭಾವದ ಆಗಮನವನ್ನೂ ಅದರೊಡನೆ ವ್ಯಕ್ತಿ ನಡೆಸುವ ವ್ಯವಹಾರವನ್ನೂ ಎರಡು ಕ್ರಿಯೆಗಳಾಗಿ ಒಡೆದು ತೋರಿಸುತ್ತದೆ. ಕೋಪ 'ಬಂತು', ಬಂದ ಕೋಪವನ್ನು ನಾನು 'ನುಂಗಿದೆ', 'ತೋರಿಸಿದೆ', 'ಮಕ್ಕಳ ಮೇಲೆ ತೀರಿಸಿಕೊಂಡೆ'. ಮೊದಲ ಕ್ರಿಯೆಗೆ ವ್ಯಕ್ತಿ ಕರ್ತೃವಲ್ಲ, ಎರಡನೆಯದಕ್ಕೆ ಸ್ಪಷ್ಟವಾಗಿ ಕರ್ತೃ. ಹೊಣೆಯ ಪ್ರಶ್ನೆಯನ್ನು ಎರಡನೆಯದರ ಬಳಿ ಕೇಳಬೇಕು. ಮೊದಲನೆಯದರ ಬಳಿ 'ಎಲ್ಲಿಗೆ ಬಂತು, ಮೈಯಲ್ಲಿ ಎಲ್ಲಿ ಕೂತಿದೆ?' ಎಂದು ಕೇಳಿದರೆ ಅರಿವಿನ ಪ್ರಶ್ನೆ ತಾನಾಗಿ ಒದಗುತ್ತದೆ. 'ನನಗೆ ಬೇಸರವಾಯಿತು', 'ನಾನು ಬೇಸರ ಮಾಡಿಕೊಂಡೆ' ಎಂಬ ಎರಡನ್ನೂ ಆಡಿನೋಡಲು ಹೇಳಿ, ಯಾವುದು ಈ ಹೊತ್ತಿಗೆ ನಿಜವೆನಿಸುತ್ತದೆ ಎಂದು ಸಲಹಾರ್ಥಿಗೇ ಬಿಡಬಹುದು. 'ಆಗುವುದಿಲ್ಲ' ಎಂಬುದರ ಕತೆ ಬೇರೆ. ಹಿರಿಯರೆದುರು, ಮೇಸ್ತ್ರಿಯೆದುರು, ಅಧಿಕಾರಿಯೆದುರು ನಿರಾಕರಣೆಯನ್ನು ಮರ್ಯಾದೆಯಿಂದ ಹೇಳಲು ಉಳಿದಿರುವ ದಾರಿ 'ನನ್ನಿಂದ ಆಗುವುದಿಲ್ಲ' ಎಂಬುದೊಂದೇ. ಅದನ್ನು 'ಮಾಡುವುದಿಲ್ಲ' ಎಂದು ತಿದ್ದಿಸುವುದು ಕೊಠಡಿಯೊಳಗೆ ಅಭ್ಯಾಸವಾಗಿ ಸರಿ. ಹೊರಗೆ ಅದಕ್ಕೆ ತೆರಬೇಕಾದ ಬೆಲೆಯನ್ನು ಸಲಹೆಗಾರ ತೆರುವುದಿಲ್ಲ.

ಗೆಸ್ಟಾಲ್ಟ್ ತಂತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಖಾಲಿ ಕುರ್ಚಿ. ಜೇಕಬ್ ಮೊರೆನೋನ ಮನೋನಾಟಕದಿಂದ ಪರ್ಲ್ಸ್ ಇದನ್ನು ಪಡೆದು ತನ್ನದಾಗಿಸಿಕೊಂಡ. ಎದುರಿನ ಕುರ್ಚಿಯಲ್ಲಿ ಇಲ್ಲದ ವ್ಯಕ್ತಿ ಇದ್ದಾನೆಂದು ಭಾವಿಸಿ ಅವನ ಬಗೆಗೆ ಅಲ್ಲ, ಅವನೊಡನೆ ಮಾತಾಡಬೇಕು. ಬಳಿಕ ಅಲ್ಲಿ ಕುಳಿತು ಅವನಾಗಿ ಉತ್ತರಿಸಬೇಕು. ಮುಗಿಯದ ವ್ಯವಹಾರದ ಪರಿಹಾರಕ್ಕೆ ಇದು ಕೇವಲ ತಿಳಿವಳಿಕೆ ನೀಡುವ ಗುಂಪುಗಳಿಗಿಂತ ಹೆಚ್ಚು ಫಲಕಾರಿ ಎಂಬುದನ್ನು ಪೈವಿಯೋ ಮತ್ತು ಗ್ರೀನ್‌ಬರ್ಗ್ 1995ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ.

ಉದಾಹರಣೆಗಾಗಿ ಒಬ್ಬ ಸಲಹಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ಚಾಂಪಿಯನ್ ರೀಫ್ಸ್‌ನಲ್ಲಿ ದುಡಿದು, ಗಣಿ ಮುಚ್ಚಿದ ಕೆಲವು ವರ್ಷಗಳಲ್ಲಿ ಮೌನವಾಗಿ ತೀರಿಕೊಂಡ ತಂದೆ. ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವ ಮಗ. ಅವನು ಸಲಹೆಗಾರನೊಡನೆ ಒಳ್ಳೆಯ ಕನ್ನಡದಲ್ಲಿ ಮಾತಾಡುತ್ತಾನೆ. 'ಅಪ್ಪನ ಬಗ್ಗೆ ಹೇಳೋಕೆ ಏನೂ ಇಲ್ಲ' ಎಂಬುದು ಕನ್ನಡದ ವಾಕ್ಯ. ಕುರ್ಚಿಯನ್ನು ಎದುರಿಗಿಟ್ಟು ಮಾತಾಡಿ ಎಂದರೆ ಯಾವ ಭಾಷೆಯಲ್ಲಿ? ಅಪ್ಪನೊಡನೆ ಅವನೆಂದೂ ಕನ್ನಡದಲ್ಲಿ ಮಾತಾಡಿದವನಲ್ಲ. ಕನ್ನಡದಲ್ಲಿಯೇ ಆಡಿಸಿದರೆ ಕುರ್ಚಿಯಲ್ಲಿ ಕೂರುವುದು ಅಪ್ಪನಲ್ಲ, ಅಪ್ಪನ ವಿಷಯ. 'ಅಪ್ಪಾ, ನೀಂಗ' ಎಂದು ಆರಂಭಿಸಿದಾಗಲೇ ಸಂಪರ್ಕ. ಸಲಹೆಗಾರನಿಗೆ ತಮಿಳು ಪೂರ್ತಿ ಅರ್ಥವಾಗದಿದ್ದರೂ ಆಡಗೊಡಬೇಕು, ಅರ್ಥವಾಗಬೇಕಾದವನು ಆಡುತ್ತಿರುವವನು. ಸಂಬೋಧನೆಯ ಏಕವಚನ, ಬಹುವಚನಗಳ ಆಯ್ಕೆಯೂ ಸಲಹಾರ್ಥಿಯದೇ ಆಗಿರಬೇಕು. ನಡುವೆ ಅವನು 'ನೀಂಗ'ದಿಂದ 'ನೀ'ಗೆ ಜಾರಿದರೆ ಆ ಜಾರುವಿಕೆಯೇ ಮುಂದೆ ಬಂದ ಆಕೃತಿ.

ಇಲ್ಲದವರನ್ನು ಎದುರಿಟ್ಟು ಮಾತಾಡುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಹಾಡಿ ಅಳುವ ರೂಢಿ ಕನ್ನಡದ ಹಳ್ಳಿಗಳಲ್ಲಿಯೂ ಇದೆ. ತಮಿಳರ ಒಪ್ಪಾರಿಯಲ್ಲಿ ಸತ್ತವರನ್ನು ನೇರವಾಗಿ ಕರೆದು, ದೂರಿ, ಬೈದು, ಪ್ರಶ್ನಿಸುವ ಹಕ್ಕು ಅಳುವವರಿಗಿದೆ. ಆದರೆ ಅದು ಬಹುಮಟ್ಟಿಗೆ ಹೆಂಗಸರ ಬಾಯಿಯದು. ಗಂಡಸರು ಹೊರಗೆ, ತಮಟೆಯ ಬಳಿ, ಮಾತಿಲ್ಲದೆ ನಿಂತಿರುತ್ತಾರೆ. ತಾಯಿ ಮೊದಲ ದಿನವೇ ಅಂಗಳದಲ್ಲಿ ಕೂಗಿ ಕೇಳಿದ ಪ್ರಶ್ನೆಯನ್ನು ಮಗ ಇಪ್ಪತ್ತು ವರ್ಷಗಳ ಅನಂತರ ಒಂದು ಕುರ್ಚಿಯನ್ನು ನೋಡುತ್ತ ಕೇಳುತ್ತಿರಬಹುದು.