ಊರಿನ ದತ್ತಿನಿಧಿ: ಸ್ವರೂಪ ಮತ್ತು ನಿರ್ವಹಣೆ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವು ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಯಿಂದ ಪ್ರಸಿದ್ಧವಾದ ಗ್ರಾಮ. ಕೌಂಡಿನ್ಯ ಮಹರ್ಷಿಗಳು ತಪಸ್ಸನ್ನಾಚರಿಸಿದ ಸ್ಥಳವೆಂಬ ಐತಿಹ್ಯವುಳ್ಳ ಈ ಊರಿಗೆ ಮಕ್ಕಳಿಲ್ಲದ ದಂಪತಿಗಳು ದೂರದಿಂದಲೂ ಬಂದು ಹರಕೆ ಹೊರುವುದುಂಟು. 'ಸಂತಾನ' ಎಂಬ ಶಬ್ದಕ್ಕೆ ಇಂದು ನಾವು ಮಕ್ಕಳು ಎಂಬ ಒಂದೇ ಅರ್ಥವನ್ನು ಹೇಳುತ್ತೇವೆ. ಪೂರ್ವಿಕರ ದೃಷ್ಟಿ ಇದಕ್ಕಿಂತ ವಿಶಾಲವಾಗಿತ್ತು. ಪುತ್ರ, ಕೆರೆ, ವನ, ದೇವಾಲಯ, ಅಗ್ರಹಾರ, ಕಾವ್ಯಕೃತಿ, ಧನನಿಕ್ಷೇಪ ಎಂಬ ಏಳನ್ನೂ ಅವರು ಸಪ್ತಸಂತಾನಗಳೆಂದು ಕರೆದರು. ಮನುಷ್ಯನು ಕಣ್ಮರೆಯಾದ ಮೇಲೂ ಲೋಕದಲ್ಲಿ ಮುಂದುವರಿಯತಕ್ಕದ್ದು ಯಾವುದೋ ಅದೆಲ್ಲವೂ ಸಂತಾನವೇ ಎಂಬುದು ಇದರ ತಾತ್ಪರ್ಯ. ಈ ಏಳರಲ್ಲಿ ಧನನಿಕ್ಷೇಪ, ಎಂದರೆ ಮುಂದಿನವರಿಗೆಂದು ಕಾಯ್ದಿಟ್ಟ ನಿಧಿ, ಪ್ರಕೃತ ಲೇಖನದ ವಿಷಯವಾಗಿದೆ.

ಒಂದು ಊರಿನ ಅಥವಾ ಸೀಮೆಯ ಜನರು ತಾವೇ ಕೂಡಿಸಿ, ತಾವೇ ಕಾಪಾಡಿ, ತಮ್ಮ ನಿರ್ಣಯದಂತೆಯೇ ವಿನಿಯೋಗಿಸುವ ಶಾಶ್ವತ ನಿಧಿಗೆ ಇಂದು ಪ್ರಪಂಚದ ನಾನಾ ದೇಶಗಳಲ್ಲಿ ಸಮುದಾಯ ಪ್ರತಿಷ್ಠಾನವೆಂಬ ಹೆಸರಿದೆ. ಇದಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಮೊದಲನೆಯದಾಗಿ, ಅದರ ಮೂಲಧನವು ಒಬ್ಬ ಶ್ರೀಮಂತನಿಂದ ಬಂದುದಲ್ಲದೆ ಹಲವರ ಕಾಣಿಕೆಯಿಂದ ಕೂಡಿದ್ದಿರಬೇಕು. ಎರಡನೆಯದಾಗಿ, ಮೂಲವನ್ನು ಕರಗಿಸದೆ ಅದರ ಉತ್ಪತ್ತಿಯನ್ನು ಮಾತ್ರ ವೆಚ್ಚ ಮಾಡಬೇಕು. ಮೂರನೆಯದಾಗಿ, ಯಾವ ಕಾರ್ಯಕ್ಕೆ ಎಷ್ಟು ಎಂಬ ನಿರ್ಣಯ ಆ ಸ್ಥಳದ ಜನರ ಕೈಯಲ್ಲಿರಬೇಕು. ಬಡದೇಶಗಳಲ್ಲಿ ಈ ಮೂರನೆಯ ಲಕ್ಷಣವೇ ದುರ್ಲಭವಾದುದು. ಹೊರಗಿನಿಂದ ಹಣ ಬಂದಾಗ ಅದರ ಸಂಗಡ ಹೊರಗಿನವರ ಇಚ್ಛೆಯೂ ಬರುತ್ತದೆ; ಹಣ ನಿಂತಾಗ ಕಾರ್ಯವೂ ನಿಲ್ಲುತ್ತದೆ. ಈ ಪಾಡನ್ನು ಕಂಡೇ ಕೀನ್ಯಾದಲ್ಲಿ 1997ರಲ್ಲಿ ಆ ದೇಶದವರ ಆಡಳಿತದಲ್ಲಿಯೇ ನಡೆಯುವ ಸಮುದಾಯ ಅಭಿವೃದ್ಧಿ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ನೆರೆಯ ನೇಪಾಳದಲ್ಲಿ 1990ರ ದಶಕದಲ್ಲಿ ಹುಟ್ಟಿದ 'ತೇವಾ' ಎಂಬ ಮಹಿಳಾ ಸಂಸ್ಥೆ ಸಾವಿರಾರು ನೇಪಾಳಿಗರಿಂದ ಸಣ್ಣ ಸಣ್ಣ ಕಾಣಿಕೆಗಳನ್ನು ಕೂಡಿಸಿ ಹಳ್ಳಿಗಳ ಸ್ತ್ರೀಸಂಘಗಳಿಗೆ ನೆರವು ನೀಡುತ್ತ ಬಂದಿತು.

ಶಾಸನಗಳ ದತ್ತಿ

ಈ ಕಲ್ಪನೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಶಾಸನಗಳಲ್ಲಿ ಬಹುಪಾಲು ದತ್ತಿಶಾಸನಗಳೇ ಆಗಿವೆ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ ಅಥವಾ ಬೆಳೆಯ ಪಾಲಿಗೆ ಬಿತ್ತುವಟ್ಟವೆಂದೂ, ಕೆರೆ ಕಟ್ಟಿಸಿದವನಿಗೆ ಕೊಟ್ಟ ಮಾನ್ಯದ ಭೂಮಿಗೆ ಕಟ್ಟುಕೊಡಗೆಯೆಂದೂ ಹೆಸರಿತ್ತು. ನಂದಾದೀವಿಗೆಗೋ ಅನ್ನದಾನಕ್ಕೋ ದಾನಿಯು ಹೊನ್ನನ್ನು ಊರ ಮಹಾಜನರ ಕೈಯಲ್ಲೋ ವರ್ತಕಸಂಘದ ಕೈಯಲ್ಲೋ ಇರಿಸುತ್ತಿದ್ದನು. ಅವರು ಮೂಲವನ್ನು ಉಳಿಸಿ ಬಡ್ಡಿಯಿಂದ ಧರ್ಮವನ್ನು ನಡೆಸುತ್ತಿದ್ದರು. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದುವು. ತಾನು ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಕಾಯುವುದು ಹಿರಿದೆಂಬ ಭಾವವೂ ಅಲ್ಲಿ ವ್ಯಕ್ತವಾಗಿದೆ. ದತ್ತಿಯನ್ನು ಸ್ಥಾಪಿಸುವುದಕ್ಕಿಂತ ಅದನ್ನು ರಕ್ಷಿಸುವುದು ಕಷ್ಟವೆಂಬುದನ್ನು ಆ ಕಾಲದವರು ಅನುಭವದಿಂದಲೇ ಅರಿತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ದತ್ತಿಯ ಈ ಪರಂಪರೆಗೆ ಹನ್ನೆರಡನೆಯ ಶತಮಾನದ ಶರಣರು ಒಂದು ನೂತನ ಅರ್ಥವನ್ನು ತಂದುಕೊಟ್ಟರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಈ ಸ್ಥಾನಗಳು ಅದಲುಬದಲಾಗುತ್ತವೆ. 'ನಾನು ದಾಸ' ಎಂಬುದೇ ಆ ಪದದ ಅರ್ಥವಷ್ಟೆ. ಕಾಯಕದಿಂದ ಬಂದುದರಲ್ಲಿ ತನ್ನ ಅಗತ್ಯಕ್ಕೆ ಮಿಕ್ಕುದು ತನ್ನದಲ್ಲ, ಅದು ಸಮಾಜದ್ದು ಎಂದು ತಿಳಿದವನಿಗೆ ಕೊಟ್ಟ ಮೇಲೆ ಅಧಿಕಾರ ಚಲಾಯಿಸುವ ಹಕ್ಕು ಉಳಿಯುವುದಿಲ್ಲ. ಊರಿನ ನಿಧಿಗೆ ಬೇಕಾದ ಮನೋಧರ್ಮವೂ ಇದೇ ಆಗಿದೆ. ಲಕ್ಷ ರೂಪಾಯಿ ಕೊಟ್ಟವನಿಗೂ ನೂರು ರೂಪಾಯಿ ಕೊಟ್ಟವನಿಗೂ ಸಭೆಯಲ್ಲಿ ಒಂದೊಂದೇ ಮತವಿರುವಲ್ಲಿ ಮಾತ್ರ ಅದು ಊರಿನ ನಿಧಿಯೆನಿಸಬಲ್ಲುದು.

ಸಂಸ್ಥೆಗಳ ಉದಯ

ಆಧುನಿಕ ಕಾಲದಲ್ಲಿ ಈ ತತ್ತ್ವವು ನೋಂದಾಯಿತ ಸಂಸ್ಥೆಯ ರೂಪವನ್ನು ತಾಳಿದುದಕ್ಕೆ ಉತ್ತರ ಕರ್ನಾಟಕದಲ್ಲಿ ಉಜ್ಜ್ವಲ ನಿದರ್ಶನಗಳಿವೆ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ ವಿದ್ಯಾರ್ಥಿಗಳ ನೆರವಿಗಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜ ದೇಸಾಯಿಯವರು (1861–1906) ಸಂತಾನವಿಲ್ಲದ ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಧಾರೆಯೆರೆದರು. ಒಬ್ಬ ಮಗನಿಗೆ ಸಲ್ಲಬಹುದಾಗಿದ್ದ ಆಸ್ತಿ ಅಸಂಖ್ಯಾತ ಮಕ್ಕಳ ಓದಿಗೆ ಸಂದಿತು.

1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಶಾಲೆಯೊಂದನ್ನು ತೆರೆಯುವುದರ ಮೂಲಕ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಆರಂಭವಾಯಿತು. ಇದನ್ನು ಸ್ಥಾಪಿಸಿದ ಏಳು ಮಂದಿ ತರುಣ ಅಧ್ಯಾಪಕರನ್ನು ಜನರು ಸಪ್ತರ್ಷಿಗಳೆಂದು ಕರೆದರು. ಬಸವಣ್ಣನವರ ವಚನಗಳ ಸಂಪಾದಕರೆಂದು ಸಾಹಿತ್ಯಾಭ್ಯಾಸಿಗಳು ಬಲ್ಲ ಶಿ. ಶಿ. ಬಸವನಾಳರೂ ವೀರಶೈವ ದರ್ಶನದ ವಿದ್ವಾಂಸರಾದ ಎಂ. ಆರ್. ಸಾಖರೆಯವರೂ ಆ ಏಳರಲ್ಲಿ ಸೇರಿದ್ದರು. ಇವರಾರೂ ಧನಿಕರಲ್ಲ, ಇವರು ಕೊಟ್ಟ ಮೂಲಧನ ತಮ್ಮ ಆಯುಷ್ಯವೇ ಆಗಿತ್ತು. ಸಂಸ್ಥೆಯ ಮೊದಲ ಶಾಲೆ ಗಿಲಗಂಚಿ ಮತ್ತು ಅರಟಾಳರ ಹೆಸರನ್ನೂ, 1933ರಲ್ಲಿ ತೆರೆದ ಕಾಲೇಜು ಲಿಂಗರಾಜರ ಹೆಸರನ್ನೂ ಪಡೆದುದು ಹಿಂದಿನವರ ದತ್ತಿಗೂ ಇಂದಿನವರ ದುಡಿಮೆಗೂ ಇರುವ ಸಂಬಂಧವನ್ನು ಸೂಚಿಸುತ್ತದೆ.

ಹೆಮ್ಮರಗಾಲದ ತಾಲ್ಲೂಕಿನಲ್ಲಿಯೇ, ಕಪಿಲಾತೀರದ ಸುತ್ತೂರು ಶ್ರೀಮಠದ ಚರಿತ್ರೆ ಇನ್ನೊಂದು ನಿದರ್ಶನವಾಗಿದೆ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು (1916–1986) 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ಸ್ಥಾಪಿತವಾಯಿತು. ಹಾಗಾದರೆ ಮಠವಿರುವಲ್ಲಿ ಊರಿಗೆ ಪ್ರತ್ಯೇಕ ನಿಧಿಯೇಕೆ ಎಂದು ಕೆಲವರು ಕೇಳಬಹುದು. ಮಠದ ಸೇವಾಕ್ಷೇತ್ರ ವಿಸ್ತಾರವಾದುದು. ಒಂದು ಊರಿನ ಕೆರೆಯ ತೂಬು, ಆ ಊರಿನ ವೃದ್ಧೆಯ ಔಷಧಿ, ಕಾಲೇಜಿಗೆ ಹೋಗುವ ಹೆಣ್ಣುಮಗಳ ಬಸ್ಸಿನ ಖರ್ಚು, ಇವುಗಳ ಅರಿವು ಆ ಊರಿನವರಿಗೇ ಹೆಚ್ಚು. ದೊಡ್ಡ ದಾಸೋಹಕ್ಕೆ ಚಿಕ್ಕ ದಾಸೋಹವು ಪೂರಕವೇ ಹೊರತು ಪ್ರತಿಸ್ಪರ್ಧಿಯಲ್ಲ.

ಮೃತರ ಹಸ್ತ

ಶಾಶ್ವತ ನಿಧಿಗಳಿಗೆ ಅಂಟಿಕೊಂಡಿರುವ ಒಂದು ದೋಷವನ್ನು ಇಲ್ಲಿ ವಿವೇಚಿಸಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1790ರಲ್ಲಿ ತೀರಿಕೊಂಡಾಗ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ ಒಂದು ಸಾವಿರ ಪೌಂಡುಗಳನ್ನು ಬಿಟ್ಟುಹೋದನು. ಗುರುವಿನ ಬಳಿ ಕಸಬು ಕಲಿತ, ವಿವಾಹಿತರಾದ ತರುಣ ಕುಶಲಕರ್ಮಿಗಳಿಗೆ ಸಾಲ ಕೊಡಬೇಕು, ಇದು ಇನ್ನೂರು ವರ್ಷ ನಡೆಯಬೇಕು ಎಂಬುದು ಅವನ ಕಟ್ಟಳೆ. ಕಾರ್ಖಾನೆಗಳು ಬಂದು ಕಸಬುಗಾರಿಕೆಯ ಕ್ರಮವೇ ಮಾರ್ಪಟ್ಟಾಗ ಅಂಥ ಸಾಲಗಾರರು ಸಿಗುವುದೇ ಕಷ್ಟವಾಯಿತು. ಹಣ ಬೆಳೆದುದೇನೋ ನಿಜ. ಇನ್ನೂರು ವರ್ಷ ತುಂಬಿದಾಗ ಬಾಸ್ಟನ್ನಿನ ನಿಧಿ ಸುಮಾರು ಐವತ್ತು ಲಕ್ಷ ಡಾಲರುಗಳಷ್ಟಾಗಿತ್ತು. ಆದರೆ ಅದರ ಉದ್ದೇಶ ಕಾಲದೊಡನೆ ನಡೆಯಲಿಲ್ಲ. ಇಂಥ ಸ್ಥಿತಿಯನ್ನು ಆಂಗ್ಲರು 'ಮೃತರ ಹಸ್ತ' ಎಂದು ವರ್ಣಿಸಿದರು. ಸತ್ತವರ ಕೈ ಬದುಕಿರುವವರ ಕೈಯನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅದರ ಭಾವ.

1914ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧಿಕಾರಿ ಇದಕ್ಕೊಂದು ಪರಿಹಾರ ಕಂಡುಹಿಡಿದನು. ಹಲವರ ದತ್ತಿಗಳನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಅದರ ಉತ್ಪತ್ತಿಯ ವಿತರಣೆಯನ್ನು ನಾಗರಿಕರ ಸಮಿತಿಗೆ ವಹಿಸಿ, ಮೂಲ ಉದ್ದೇಶ ನಿರರ್ಥಕವಾದಾಗ ಬದಲಿಸುವ ಅಧಿಕಾರವನ್ನೂ ಅದಕ್ಕೆ ಕೊಟ್ಟನು. ಮೊಟ್ಟಮೊದಲ ಸಮುದಾಯ ಪ್ರತಿಷ್ಠಾನವೆಂದು ಪರಿಗಣಿತವಾಗಿರುವುದು ಇದೇ. ನಮ್ಮಲ್ಲಿಯೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತೆ ಸಾರ್ವಜನಿಕ ಧರ್ಮದತ್ತಿಯ ಉದ್ದೇಶವನ್ನು ತಕ್ಕ ಕಾರಣವಿದ್ದಾಗ ನ್ಯಾಯಾಲಯವು ಮಾರ್ಪಡಿಸಬಹುದು. ಆದರೆ ಪ್ರತಿಯೊಂದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕಿಂತ ಆರಂಭದ ಪತ್ರದಲ್ಲಿಯೇ ಉದ್ದೇಶವನ್ನು ವಿಶಾಲವಾಗಿ ಬರೆಯುವುದು ಲೇಸು. ಸ್ಥಾವರ-ಜಂಗಮಗಳ ಭೇದವನ್ನು ವಚನಗಳಿಂದ ಅರಿತ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂಲಧನವು ಸ್ಥಾವರವಾಗಿರಲಿ; ಉದ್ದೇಶವು ಜಂಗಮವಾಗಿರಲಿ.

ಊರೆಂದರೆ ಯಾರು?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಹೆಮ್ಮರಗಾಲಕ್ಕೆ ಸಮೀಪದ ಬದನವಾಳು ಒಂದು ಕಾಲಕ್ಕೆ ಖಾದಿಕೇಂದ್ರದಿಂದ ಹೆಸರಾದ ಗ್ರಾಮ. ಅಲ್ಲಿ ಸಿದ್ಧೇಶ್ವರ ದೇವಾಲಯದ ಪ್ರವೇಶದ ವಿಷಯವಾಗಿ ಎದ್ದ ವಿವಾದದ ಬೆನ್ನಿಗೆ 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಹತ್ಯೆ ನಡೆಯಿತು. ಆ ಬಳಿಕ ದಲಿತರ ಮತ್ತು ಲಿಂಗಾಯತರ ಕೇರಿಗಳ ನಡುವಿನ ದಾರಿ ಸುಮಾರು ಮೂರು ದಶಕಗಳ ಕಾಲ ಬಳಕೆಯಿಲ್ಲದೆ ಉಳಿದು, 2022ರಲ್ಲಿ ಮತ್ತೆ ತೆರೆಯಿತು. ಶರಣಧರ್ಮವನ್ನು ನಂಬಿದವರು ಈ ಸಂಗತಿಯನ್ನು ಮರೆಮಾಚುವುದು ಉಚಿತವಲ್ಲ. ಅನುಭವಮಂಟಪದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಿಗೆ ಗೌರವದ ಸ್ಥಾನವಿತ್ತೆಂದು ಹೇಳಿಕೊಳ್ಳುವ ನಾವು, ನಮ್ಮ ಊರಿನ ಸಭೆಯಲ್ಲಿ ಅವರ ಕೇರಿಯವರಿಗೆ ಎಲ್ಲಿ ಸ್ಥಾನವಿದೆ ಎಂದು ಕೇಳಿಕೊಳ್ಳಬೇಕು.

ಸ್ಥಳೀಯರ ನಾಯಕತ್ವವೆಂಬ ಮಾತು ಕೇಳಲು ಹಿತವಾಗಿದೆ. ಆದರೆ ಊರಿನ ನಾಲ್ಕು ಮಂದಿ ಪ್ರಬಲರು ಮಾತ್ರ ಕೂಡಿದರೆ ಅದೂ ಸ್ಥಳೀಯರ ನಾಯಕತ್ವವೆಂದೇ ಕರೆಯಿಸಿಕೊಳ್ಳುತ್ತದೆ. ಹೊರಗಿನ ದಾನಿಯ ದಬ್ಬಾಳಿಕೆ ಹೋಗಿ ಒಳಗಿನವರ ದಬ್ಬಾಳಿಕೆ ಬಂದರೆ ಫಲವೇನು? ಶಾಸನಕಾಲದ ಮಹಾಜನಸಭೆಗೂ ಇದೇ ಮಿತಿಯಿತ್ತು, ಅಗ್ರಹಾರದಾಚೆಯವರು ಅದರಲ್ಲಿರಲಿಲ್ಲ. ಆದ್ದರಿಂದ ಪ್ರತಿಯೊಂದು ಕೇರಿಯಿಂದಲೂ ಪ್ರತಿನಿಧಿಗಳಿರತಕ್ಕದ್ದು, ಸ್ತ್ರೀಯರು ಅರ್ಧಕ್ಕೆ ಕಡಿಮೆಯಿಲ್ಲದಿರತಕ್ಕದ್ದು, ಯಾರೂ ಗೊತ್ತಾದ ಅವಧಿಗಿಂತ ಹೆಚ್ಚು ಕಾಲ ಅಧಿಕಾರದಲ್ಲಿರತಕ್ಕದ್ದಲ್ಲ ಎಂಬ ಮೂರು ನಿಯಮಗಳು ನಿಧಿಯ ಉಪವಿಧಿಗಳಲ್ಲಿ ಮೊದಲ ಪುಟದಲ್ಲಿಯೇ ಇರಬೇಕು. ಸಭೆ ಸೇರುವ ಜಾಗವೂ ಎಲ್ಲರೂ ನಿಸ್ಸಂಕೋಚವಾಗಿ ಕಾಲಿಡಬಹುದಾದ ಶಾಲೆಯೋ ಪಂಚಾಯತಿ ಕಟ್ಟಡವೋ ಆಗಿರಬೇಕು.

ನಿರ್ವಹಣೆಯ ಕ್ರಮ

ಇಂಥ ನಿಧಿಗೆ ಕಾನೂನಿನ ರೂಪ ಕೊಡಲು ಎರಡು ಮಾರ್ಗಗಳು ರೂಢಿಯಲ್ಲಿವೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನ್ಯಾಸಪತ್ರವನ್ನು ನೋಂದಾಯಿಸಿ ಟ್ರಸ್ಟನ್ನು ರಚಿಸುವುದು ಒಂದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ಸ್ಥಾಪಿಸುವುದು ಇನ್ನೊಂದು. ಟ್ರಸ್ಟಿನಲ್ಲಿ ಸ್ಥಿರತೆ ಹೆಚ್ಚು, ಆದರೆ ಧರ್ಮದರ್ಶಿಗಳೇ ಸರ್ವಾಧಿಕಾರಿಗಳಾಗುವ ಭಯವುಂಟು. ಸಂಘದಲ್ಲಿ ಸದಸ್ಯರು ಆಡಳಿತ ಮಂಡಲಿಯನ್ನು ಆರಿಸುತ್ತಾರೆ, ಆದರೆ ಚುನಾವಣೆಯ ಕಲಹಗಳು ನುಸುಳಬಹುದು. ಟ್ರಸ್ಟನ್ನೇ ಆರಿಸಿಕೊಂಡರೂ ಧರ್ಮದರ್ಶಿಗಳ ನೇಮಕ ಊರಿನ ಸಭೆಯಿಂದಾಗಬೇಕೆಂದು ಪತ್ರದಲ್ಲಿ ಬರೆದರೆ ಎರಡರ ಗುಣವನ್ನೂ ಪಡೆಯಬಹುದು.

ಮೂಲಧನವು ಬೆಳೆಯುವ ಬಗೆಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಮುನ್ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 3,60,000 ರೂಪಾಯಿ. ಹತ್ತು ವರ್ಷಕ್ಕೆ, ಬಡ್ಡಿಯನ್ನು ಎಣಿಸದೆಯೇ, 36,00,000 ರೂಪಾಯಿ. ಶೇಕಡ 6ರ ಬಡ್ಡಿಯಿಂದ ಬಳಿಕ ವರ್ಷಕ್ಕೆ 2,16,000 ರೂಪಾಯಿ ಬರುತ್ತದೆ. ಬೆಲೆಯೇರಿಕೆಯಿಂದ ಮೂಲವು ಸವೆಯದಂತೆ ಇದರಲ್ಲಿ ಮೂರನೆಯ ಒಂದು ಪಾಲನ್ನು, ಎಂದರೆ 72,000 ರೂಪಾಯಿಯನ್ನು, ಮತ್ತೆ ಮೂಲಕ್ಕೆ ಸೇರಿಸಿದರೂ 1,44,000 ರೂಪಾಯಿ ಧರ್ಮಕಾರ್ಯಕ್ಕೆ ಉಳಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಯಾರನ್ನೂ ಬೇಡದೆ ವರ್ಷ ವರ್ಷವೂ ಬರುವ ಹಣ ಇದು. ನಗದು ಕೊಡಲಾರದವರು ಸುಗ್ಗಿಯಲ್ಲಿ ಧಾನ್ಯವನ್ನೋ ಕೆರೆಗೆಲಸದಲ್ಲಿ ಒಂದು ದಿನದ ದುಡಿಮೆಯನ್ನೋ ಕೊಡಲಿ. ಅದನ್ನೂ ಬೆಲೆಕಟ್ಟಿ ಪುಸ್ತಕದಲ್ಲಿ ಬರೆಯತಕ್ಕದ್ದು. ಪುಸ್ತಕದಲ್ಲಿ ಹೆಸರಿರುವವನಿಗೆ ಪ್ರಶ್ನಿಸುವ ಧೈರ್ಯ ಬರುತ್ತದೆ.

ಹೊರಗಿನ ನೆರವನ್ನು ನಿರಾಕರಿಸಬೇಕಾಗಿಲ್ಲ. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದಂತೆ ನಿಗದಿಯಾದ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅಲ್ಲಿ ಹೇಳಿದೆ. ಕೈಗಾರಿಕೆಗಳು ಬೆಳೆದಿರುವ ನಂಜನಗೂಡಿನ ಹಳ್ಳಿಗಳಿಗೆ ಇದು ಮುಖ್ಯವಾದ ವಿಷಯ. ಆದರೆ ಅಂಥ ಹಣದಿಂದ ಕಾರ್ಯ ನಡೆಸಬೇಕಾದರೆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ನೋಂದಣಿಯೂ ಸಾಮಾನ್ಯವಾಗಿ ಮೂರು ವರ್ಷಗಳ ಸೇವೆಯ ದಾಖಲೆಯೂ ಬೇಕು. ಹಣ ಬರಲಿ, ಆಮೇಲೆ ಸಂಸ್ಥೆ ಕಟ್ಟೋಣ ಎಂಬುದು ಆದ್ದರಿಂದ ತಲೆಕೆಳಗಾದ ಕ್ರಮ. ಮೊದಲು ಊರಿನ ಹಣ, ಊರಿನ ಲೆಕ್ಕ. ಆಮೇಲೆ ಪರರ ನೆರವು. ತನ್ನ ಮೂಲಧನವಿರುವ ಊರು ಪರರೊಡನೆ ಸಮಾನವಾಗಿ ಕುಳಿತು ಮಾತನಾಡಬಲ್ಲುದು.

ಕೊನೆಯದಾಗಿ ಲೆಕ್ಕದ ಮಾತು. ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ ಖರ್ಚುವೆಚ್ಚಗಳನ್ನು ಜನರ ಮುಂದಿಡುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಊರಿನ ನಿಧಿಯೂ ಇದನ್ನೇ ಅನುಸರಿಸಬಹುದು. ಲೆಕ್ಕಪರಿಶೋಧಕರ ವರದಿಯನ್ನು ಕಪಾಟಿನಲ್ಲಿಟ್ಟರೆ ಸಾಲದು; ಅಕ್ಷರ ಬಾರದವರಿಗೂ ತಿಳಿಯುವಂತೆ ಬಂದುದೆಷ್ಟು, ಹೋದುದೆಷ್ಟು, ಯಾರಿಗೆ, ಏಕೆ ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ನೆರವು ಬೇಡಿ ಪಡೆಯದೆ ಹೋದವರಿಗೂ ಕಾರಣವನ್ನು ಹೇಳಬೇಕು. ನಮ್ಮ ಹಿರಿಯರು ದತ್ತಿಯ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರ ಕಣ್ಣಿಗೂ ಬೀಳುವಲ್ಲಿ ನಿಲ್ಲಿಸಿದುದು ಇದೇ ಉದ್ದೇಶದಿಂದ. ಶಾಪದ ಭಯ ಇಂದು ದತ್ತಿಯನ್ನು ಕಾಯಲಾರದು. ಎಲ್ಲ ಕೇರಿಗಳವರೂ ಕುಳಿತು ಕೇಳುವ ಆ ಲೆಕ್ಕವೇ ಅದನ್ನು ಕಾಯಬೇಕು.